ಮಹಾದೇವಕ್ಕ ಕಟ್ಟಿದ ತೆರಿಗೆ

ನಮ್ಮ ಭಾವ ಕರಿಬಸಪ್ಪನವರಿಗೆ ಸಿಟ್ಟು ಬರಿಸಬೇಕೆಂದರೆ ಹೆಚ್ಚೇನೂ ಮಾಡಬೇಕಿರಲಿಲ್ಲ. ಇನ್‌ಕಮ್ ಟ್ಯಾಕ್ಸ್ ಎಂದು ಅಂದರೆ ಸಾಕಿತ್ತು. ಊಟಕ್ಕೆ ಕೂತವರು ತುತ್ತನ್ನು ಕೈಯಲ್ಲೇ ಹಿಡಿದುಕೊಂಡು ಅರ್ಧ ತಾಸು ಮಾತಾಡುತ್ತಿದ್ದರು. ಸಾರು ಆರುತ್ತಿತ್ತು, ರೊಟ್ಟಿ ಒಣಗುತ್ತಿತ್ತು, ಬಡಿಸಲು ನಿಂತ ನನ್ನ ಕಾಲು ಸೋತುಹೋಗುತ್ತಿದ್ದವು. ಸರಕಾರದ ಮೇಲಿನ ಸಿಟ್ಟನ್ನು ಸರಕಾರದ ಮುಂದೆ ತೋರಿಸಬೇಕು, ರೊಟ್ಟಿಬುಟ್ಟಿ ಹಿಡಿದು ನಿಂತವರ ಮುಂದೆ ತೋರಿಸಿ ಏನು ಬಂತು ಎಂದು ಒಳಗೊಳಗೇ ಗೊಣಗಿಕೊಳ್ಳುತ್ತಿದ್ದೆ. ಗಂಡನ ಅಣ್ಣನ ಎದುರು ಬಾಯಿ ತೆರೆಯುವ ಕಾಲ ಅದಲ್ಲ.

ಹಳಿಯಾಳದಲ್ಲಿ ನಮ್ಮದೊಂದು ಅಕ್ಕಿ ಗಿರಣಿ. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಶುರುವಾಗುವ ತನಕ ಅದು ಹೊಟ್ಟೆಬಟ್ಟೆಗೆ ಸಾಲುವಷ್ಟು ವ್ಯಾಪಾರವಾಗಿತ್ತು. ಕಾರ್ಖಾನೆ ಬಂದ ಮೇಲೆ ಧಾರವಾಡ, ಬೆಳಗಾವಿ ಕಡೆಯ ಜನ ಸಂಸಾರ ಕಟ್ಟಿಕೊಂಡು ಕೆಲಸಕ್ಕೆ ಬಂದರು. ಬಂದವರೆಲ್ಲ ಉಣ್ಣಬೇಕಲ್ಲ. ಪಕ್ಕದ ಊರು ತೇರಗಾಂವದ ಭತ್ತ ನಮ್ಮ ಗಿರಣಿಯಲ್ಲಿ ಅಕ್ಕಿಯಾಗಿ ದಾಂಡೇಲಿಗೆ ಹೋಗತೊಡಗಿತು. ನಾಲ್ಕು ಕಾಸು ಕೂಡಿತು. ಕೂಡಿದ ಸುದ್ದಿ ಸರಕಾರಕ್ಕೆ ಹೇಗೆ ಮುಟ್ಟಿತೋ, ಒಂದು ದಿನ ನೋಟೀಸು ಬಂತು, ಅದೂ ಇಂಗ್ಲಿಷಿನಲ್ಲಿ. ಹೈಸ್ಕೂಲ್ ಮಾಸ್ತರರು ಓದಿ ಅರ್ಥ ಹೇಳಿದರು. ಅರ್ಥ ತಿಳಿಯದೆ ಇದ್ದಿದ್ದರೇ ಚೆನ್ನಾಗಿತ್ತು ಎಂದು ಭಾವ ಅವತ್ತು ಊಟ ಬಿಟ್ಟರು.

ತೆರಿಗೆ ಹೇಗಿರಬೇಕು ಎಂಬುದರ ಬಗ್ಗೆ ಅವರ ಬಳಿ ಬೇಕಾದಷ್ಟು ವಿಚಾರಗಳಿದ್ದವು. ಕಟ್ಟುವವನ ಭಾಷೆಯಲ್ಲಿ ಕೇಳಬೇಕು. ಹೋದ ವರ್ಷದ ಲಾಭಕ್ಕೆ ಈ ವರ್ಷ, ಅದೂ ಲುಕ್ಸಾನಿನಲ್ಲಿ ಕೂತಾಗ ಕೇಳಬಾರದು. ತಗೊಂಡ ಹಣದಲ್ಲಿ ಯಾವ ರಸ್ತೆ ಮಾಡಿಸಿದೆವು ಎಂದು ಊರ ಚಾವಡಿಯಲ್ಲಿ ಬರೆಸಿ ಹಚ್ಚಬೇಕು, ನೋಡಿದವನು ಮುಂದಿನ ವರ್ಷ ತಾನಾಗಿ ತಂದು ಕಟ್ಟುತ್ತಾನೆ. ಈ ವಿಚಾರಗಳನ್ನೆಲ್ಲ ಮಾಸ್ತರರ ಕೈಯಲ್ಲಿ ಇಂಗ್ಲಿಷಿನಲ್ಲಿ ಬರೆಸಿ ದಿಲ್ಲಿಗೆ ಕಳಿಸಿದ್ದರು. ನಿಮ್ಮ ಪತ್ರ ಮುಟ್ಟಿದೆ ಎಂದು ಉತ್ತರ ಬಂತು. ಅದನ್ನು ಅವರು ಗಿರಣಿಗೆ ಬಂದವರಿಗೆಲ್ಲ ತೋರಿಸಿದರು. ನಾನು ಎಷ್ಟು ಗೊಣಗಿದರೂ ಒಂದು ಮಾತು ಒಪ್ಪಬೇಕು, ಆ ವಿಚಾರಗಳಲ್ಲಿ ತಪ್ಪೇನೂ ಇರಲಿಲ್ಲ.

ಅವರ ಎಲ್ಲಕ್ಕಿಂತ ದೊಡ್ಡ ತಕರಾರು ಉಣ್ಣುವ ತಾಟಿನದು. ನಮ್ಮದು ಕೂಡಿದ ಮನೆ. ಅತ್ತೆ ಗುರುಬಸವ್ವ, ಭಾವ, ಅವರ ಹೆಂಡತಿ ಶಿವವ್ವ, ನನ್ನ ಗಂಡ ಅಂದಾನೆಪ್ಪ, ನಾನು, ಎರಡೂ ಕಡೆಯ ಮಕ್ಕಳುಮರಿ, ಎಲ್ಲರೂ ಒಂದೇ ಒಲೆಯ ಅಡಿಗೆ ಉಣ್ಣುವವರು. ತೆರಿಗೆಯ ಕಾಯ್ದೆ ಇಷ್ಟೂ ಜನರನ್ನು ಸೇರಿಸಿ ಒಬ್ಬ ಆಸಾಮಿ ಎನ್ನುತ್ತಿತ್ತು. ಒಂಟಿ ಮನುಷ್ಯನಿಗೆ ಬಿಡುವುದಕ್ಕಿಂತ ಸ್ವಲ್ಪ ಹೆಚ್ಚು ಬಿಟ್ಟು, ಉಳಿದದ್ದಕ್ಕೆಲ್ಲ ತೆರಿಗೆ ಹಾಕುತ್ತಿತ್ತು. ಹೆಂಡತಿಯನ್ನು ಕರೆದುಕೊಂಡು ಅಪ್ಪ ಅವ್ವನನ್ನು ಬಿಟ್ಟು ಹೋದವನಿಗೆ ಕಡಿಮೆ ತೆರಿಗೆ, ಕೂಡಿ ಬಾಳುವವರಿಗೆ ಜುಲ್ಮಾನೆ, ಇದೆಂಥ ನ್ಯಾಯ ಎಂದು ಭಾವ ಕೇಳುತ್ತಿದ್ದರು. ಮನೆಗೆ ಬಂದು ತಾಟು ಎಣಿಸಲಿ, ತಾಟಿಗಿಷ್ಟು ಎಂದು ಬಿಡಲಿ, ಉಳಿದದ್ದಕ್ಕೆ ಕೇಳಲಿ ಎನ್ನುತ್ತಿದ್ದರು.

ಅವರು ಹೇಳುವ ತಾಟುಗಳ ಲೆಕ್ಕದಲ್ಲಿ ಮಹಾದೇವಕ್ಕನದೂ ಒಂದು.

ಮಹಾದೇವಕ್ಕ ಈ ಮನೆಯ ಹಿರಿಯ ಸೊಸೆ. ಭಾವನಿಗೂ ಹಿರಿಯ ಅಣ್ಣನೊಬ್ಬನಿದ್ದ, ಗಿರಣಿಗೆ ಮೊದಲ ಇಟ್ಟಿಗೆ ಇಟ್ಟವನು ಅವನೇ. ನಾನು ಮದುವೆಯಾಗಿ ಬರುವ ಮೊದಲೇ, ನಮ್ಮ ಸೀಮೆ ಇನ್ನೂ ಮುಂಬೈ ಸರಕಾರದಲ್ಲಿದ್ದಾಗ, ವಿಷಮಜ್ವರದಲ್ಲಿ ತೀರಿಹೋಗಿದ್ದ. ಮಕ್ಕಳಿರಲಿಲ್ಲ. ಆಗ ಆಕೆಗೆ ಇಪ್ಪತ್ತೈದೂ ತುಂಬಿರಲಿಲ್ಲವಂತೆ. ತವರಿಗೆ ಹೋಗಲಿಲ್ಲ. ಅಡಿಗೆಮನೆಗೆ ಹೋದಳು, ಅಲ್ಲೇ ಉಳಿದಳು. ನನಗೆ ರೊಟ್ಟಿ ಬಡಿಯಲು ಕಲಿಸಿದ್ದು ಆಕೆ. ನನ್ನ ಮೂರು ಮಕ್ಕಳಿಗೂ ಮೊದಲ ನೀರು ಹಾಕಿದ್ದು ಆಕೆ. ನನ್ನ ಬಾಯಿ ಜೋರು ಎಂದು ಇಡೀ ಮನೆ ಬೈಯುವಾಗ, ಹೋಗಲಿ ಬಿಡಿ, ಹುಡುಗಿ ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುವುದಿಲ್ಲ ಎಂದದ್ದೂ ಆಕೆಯೇ. ಹಾಗೆ ಹೇಳುವವರೊಬ್ಬರು ಇದ್ದದ್ದಕ್ಕೇ ನಾನು ಆ ಮನೆಯಲ್ಲಿ ಬಾಳುವೆ ಮಾಡಿದೆ.

ತೆರಿಗೆ ಏರುತ್ತ ಹೋದಾಗ ಭಾವ ಹುಬ್ಬಳ್ಳಿಯ ಶಂಕ್ರಪ್ಪ ವಕೀಲರ ಹತ್ತಿರ ಹೋದರು. ವಕೀಲರು ಹಾದಿ ತೋರಿಸಿದರು. ಅಣ್ಣತಮ್ಮ ಎಷ್ಟು ಜನ ಎಂದು ಕೇಳಿದರು, ಇಬ್ಬರು ಎಂದು ಭಾವ ಹೇಳಿದರು. ಹಾಗಾದರೆ ಇಬ್ಬರೂ ಪಾಲು ಮಾಡಿಕೊಂಡು ಬಿಡಿ, ಒಂದು ಆಸಾಮಿ ಎರಡಾಗುತ್ತದೆ, ತೆರಿಗೆ ಇಳಿಯುತ್ತದೆ ಎಂದರು. ಪಾಲು ಆದದ್ದು ಖರೆಯೋ ಸುಳ್ಳೋ ಎಂದು ಟ್ಯಾಕ್ಸಿನ ಸಾಹೇಬರು ಬಂದು ವಿಚಾರಣೆ ಮಾಡುತ್ತಾರೆ, ಅವರು ಒಪ್ಪಿದರೆ ಆಯಿತು. ಕಾಗದದಲ್ಲಿ ಪಾಲು, ಮನೆಯಲ್ಲಿ ಮೊದಲಿನಂತೆಯೇ ಇರಿ, ಸಾಹೇಬರು ಬರುವ ದಿನ ಮಾತ್ರ ಎರಡು ಒಲೆ ಉರಿಯಲಿ ಎಂದೂ ಹೇಳಿಕೊಟ್ಟರು.

ಭಾವ ಇದನ್ನು ಅತ್ತೆಗೆ ತಿಳಿಸಿದರು. ಅತ್ತೆ ಲಿಂಗಪೂಜೆ ಮುಗಿಸಿ ಹಣೆಯ ವಿಭೂತಿ ಆರುವ ಮೊದಲೇ ಕೂತು ಎಲ್ಲ ಕೇಳಿದರು. ಆಮೇಲೆ ನಿಧಾನವಾಗಿ ಹೇಳಿದರು.

"ಹಿರೇರನ್ನ ಕೂಡಿಸಿ ಸುಳ್ಳ ಪಾಲ ಮಾಡಾಕ ನಾ ಒಲ್ಲೆ. ಒಲಿ ಹೂಡಿದ ಮ್ಯಾಲ ಅದರ ಮ್ಯಾಲ ಅಡಿಗಿ ಆಗಬೇಕು. ಆದ್ರ ಖರೇ ಪಾಲ ಆಗಲಿ, ಇಲ್ಲಾಂದ್ರ ಟ್ಯಾಕ್ಸ ಕಟ್ಟಿ ಸುಮ್ಮನ ಕುಂದರ್ರಿ."

ಭಾವನಿಗೆ ಎರಡೂ ಬೇಡವಾಗಿತ್ತು. ಆದರೆ ತೆರಿಗೆಯ ಸಂಕಟ ದೊಡ್ಡದು. ಖರೇ ಪಾಲೇ ಆಗಲಿ ಎಂದರು. ಊರ ಹಿರಿಯರು ಬಂದು ಕೂತರು. ಮನೆ, ಗಿರಣಿ, ಎತ್ತು, ಹೊಲ, ತಾಮ್ರದ ಹಂಡೆ, ಹಿತ್ತಾಳೆಯ ಕೊಡ ಎಲ್ಲ ಎರಡು ಭಾಗವಾಯಿತು. ನಮ್ಮ ಕಡೆ ಪಾಲು ಆಯಿತು ಎನ್ನುವುದು ಕಾಗದದಿಂದಲ್ಲ, ಒಲೆಯಿಂದ. ಹಳೆ ಒಲೆಯ ಕೆಂಡ ತಂದು ಹೊಸ ಒಲೆ ಹಚ್ಚಿದರೆ ಆಯಿತು, ಅಲ್ಲಿಂದ ಮುಂದೆ ಅವರವರ ಗಂಜಿ ಅವರವರಿಗೆ. ಅಡಿಗೆಮನೆಯ ನಡುವೆ ಎದೆಮಟ್ಟದ ಗೋಡೆ ಎದ್ದಿತು. ಈಚೆ ಭಾಗಕ್ಕೆ ನಾನು ಹುತ್ತದ ಮಣ್ಣು ತರಿಸಿ ಒಲೆ ಹೂಡಿದೆ. ಸುಳ್ಳು ಯಾಕೆ ಹೇಳಲಿ, ನಾನು ಖುಷಿಯಲ್ಲಿದ್ದೆ. ನನ್ನ ಒಲೆ, ನನ್ನ ಉಪ್ಪು, ನನ್ನ ಖಾರ. ಇನ್ನು ಯಾರ ಭಾಷಣ ಮುಗಿಯುವ ತನಕವೂ ರೊಟ್ಟಿಬುಟ್ಟಿ ಹಿಡಿದು ನಿಲ್ಲಬೇಕಿಲ್ಲ.

ಹಿರಿಯರು ಏಳುವ ಹೊತ್ತಿಗೆ ಅವರಲ್ಲೊಬ್ಬರಿಗೆ ನೆನಪಾಯಿತು, ಮಹಾದೇವಕ್ಕ? ಏಳಹೊರಟವರೆಲ್ಲ ಮತ್ತೆ ಕೂತರು. ಕೆಟ್ಟ ಮನಸ್ಸು ಯಾರದೂ ಇರಲಿಲ್ಲ. ಆಕೆ ಎಲ್ಲರಿಗೂ ಬೇಕಾದವಳು, ಎಲ್ಲರಿಗೂ ಸೇರಿದವಳು. ಹಾಗೆಂದೇ ಇಬ್ಬರಿಗೂ ಸಮನಾಗಿ ಹಂಚಿದರು. ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಗೆ ಅಣ್ಣನ ಒಲೆಯಲ್ಲಿ ಉಣ್ಣತಕ್ಕದ್ದು, ಮುಂದಿನ ಅಮಾವಾಸ್ಯೆಯ ತನಕ ತಮ್ಮನ ಒಲೆಯಲ್ಲಿ. ವಕೀಲರು ಬರೆದುಕೊಟ್ಟ ಪಾಲುಪತ್ರದ ಕೊನೆಗೆ ಈ ಸಾಲನ್ನು ಹಿರಿಯರು ತಮ್ಮ ಕೈಯಿಂದಲೇ ಬರೆದು ಸಹಿ ಹಾಕಿದರು. ಭಾಳ ಚಲೋ ಆತು ಎಂದು ಚಹಾ ಕುಡಿದು ಹೋದರು. ಮಹಾದೇವಕ್ಕ ಆ ಚಹಾ ಮಾಡಿದಳು.

ಮೊದಲ ಸರದಿ ಭಾವನ ಕಡೆ. ಅದು ಮುಗಿದ ಅಮಾವಾಸ್ಯೆಯ ಬೆಳಗ್ಗೆ ನಾನು ಹಿಟ್ಟು ನಾದುತ್ತಿದ್ದೆ. ಗೋಡೆಯ ಆಚೆಯಿಂದ ಮಹಾದೇವಕ್ಕ ಬಂದಳು. ಒಂದು ಕೈಯಲ್ಲಿ ತನ್ನ ತಾಟು, ಇನ್ನೊಂದು ಕೈಯಲ್ಲಿ ತಂಬಿಗೆ. ಬಾಗಿಲಲ್ಲಿ ನಿಂತು, ಒಳಗೆ ಬರಲೇ ಎಂದು ಕೇಳಿದಳು. ಈ ಮನೆಯ ಅಡಿಗೆಮನೆಗೆ ಕಾಲಿಡಲು ನನ್ನ ಅಪ್ಪಣೆ ಕೇಳಿದಳು. ಏನವ್ವ ಅಕ್ಕ ಹೀಗೆ ಕೇಳುತ್ತಿ ಎಂದು ಗದರಿದೆ. ಆಕೆ ನಕ್ಕು ಒಳಗೆ ಬಂದು ರೊಟ್ಟಿ ಬಡಿಯಲು ಕೂತಳು. ಆದರೆ ಆವತ್ತಿನಿಂದ ಆ ನನ್ನ ಒಲೆ ನನಗೆ ರುಚಿಸಲಿಲ್ಲ. ರಾತ್ರಿ ಗಂಡನಿಗೆ ಹೇಳಿದೆ. ಅವರು, ಹಿರಿಯರು ಮಾಡಿದ್ದನ್ನು ನಾವು ಮುರಿಯುವುದು ಹೇಗೆ ಎಂದರು. ನನ್ನ ಗಂಡ ಒಳ್ಳೆಯವರು. ಒಳ್ಳೆಯವರಿಂದ ಎಷ್ಟು ಕೆಲಸವಾಗುತ್ತದೋ ಅಷ್ಟೇ ಆಯಿತು.

ಕೊನೆಗೆ ಸಾಹೇಬರು ಬಂದರು. ಮೈಸೂರು ಕಡೆಯವರು, ಸಣ್ಣಗೆ, ಕನ್ನಡಕದವರು. ಭಾವ ಬಾಗಿಲಲ್ಲೇ ಅವರಿಗೆ ತಾಟಿನ ವಿಚಾರ ಶುರುಮಾಡಿದರು. ಅವರು ಕೇಳಿದರು, ನಡುವೆ ಬಾಯಿ ಹಾಕಲಿಲ್ಲ, ನೀವು ಹೇಳುವುದರಲ್ಲಿ ವಿಚಾರ ಇದೆ, ಆದರೆ ಕಾಯ್ದೆ ಮಾಡುವವನು ನಾನಲ್ಲ ಎಂದರು. ಎರಡು ಒಲೆ ನೋಡಬೇಕು ಎಂದಾಗ ಅತ್ತೆ, ಕಾಲು ತೊಳೆದು ಬರಲಿ ಎಂದು ಹೇಳಿಕಳಿಸಿದರು. ಸಾಹೇಬರು ಬೂಟು ಬಿಚ್ಚಿ, ಪ್ಯಾಂಟು ಮೇಲೆತ್ತಿ, ಹಿತ್ತಲಲ್ಲಿ ಕಾಲು ತೊಳೆದರು. ಅಷ್ಟಕ್ಕೇ ನನಗೆ ಅವರ ಮೇಲೆ ಅರ್ಧ ಪ್ರೀತಿ ಬಂತು.

ಎರಡೂ ಒಲೆ ಉರಿಯುತ್ತಿದ್ದವು. ಸಾಹೇಬರು ಹೊಸ್ತಿಲಲ್ಲೇ ನಿಂತು ನೋಡಿದರು, ಎರಡೂ ಕಡೆಯ ಗಡಿಗೆ ಡಬ್ಬಿ ನೋಡಿದರು, ಮಸಿ ಹಿಡಿದ ಗೋಡೆ ನೋಡಿದರು. ಇದು ಒಂದು ದಿನದ ಒಲೆಯಲ್ಲ ಎಂದು ಅವರಿಗೆ ಗೊತ್ತಾಯಿತು. ಭಾವನ ಮುಖ ಅರಳಿತು. ಹೋಗುವ ಮುಂಚೆ ಸಾಹೇಬರು ಕೈಯಲ್ಲಿದ್ದ ಪಾಲುಪತ್ರದ ಕೊನೆಯ ಸಾಲು ಓದಿ, ಯಾರು ಈ ಮಹಾದೇವಕ್ಕ ಎಂದರು. ರೊಟ್ಟಿ ಬಡಿಯುತ್ತಿದ್ದವಳು ಕೈ ಒರೆಸಿಕೊಂಡು ಎದ್ದು ನಿಂತಳು.

"ಇದರಲ್ಲಿ ನಿಮ್ಮದು ಯಾವ ಒಲೆ ಅಮ್ಮ?"

"ಈ ತಿಂಗಳ ಇಲ್ಲಿ ರೀ, ಬರೂ ತಿಂಗಳ ಅಲ್ಲಿ."

"ಅದು ಊಟದ ಮಾತಾಯ್ತು. ನಿಮ್ಮದು ಅನ್ನೋದು ಯಾವುದು?"

ಆಕೆ ಆಚೆ ನೋಡಿದಳು, ಈಚೆ ನೋಡಿದಳು. "ನಂದು ಯಾವದೂ ಇಲ್ಲ ರೀ" ಎಂದಳು. ದುಃಖದಿಂದ ಹೇಳಲಿಲ್ಲ. ಮನೆಯಲ್ಲಿ ಉಪ್ಪು ಮುಗಿದಿದೆ ಎಂದು ಹೇಳುವಂತೆ ಹೇಳಿದಳು. ನನಗೆ ಅಲ್ಲೇ ಕಣ್ಣು ತುಂಬಿತು, ಹೊಗೆಯ ನೆವ ಮಾಡಿ ಸೆರಗಿನಿಂದ ಒರೆಸಿಕೊಂಡೆ.

ಸಾಹೇಬರು ಆಕೆಯ ಗಂಡನ ಹೆಸರು ಕೇಳಿದರು. ಇಲ್ಲಿ ಹೆಸರು ಹೇಳುತ್ತಿರುವ ನಾನೂ ಆಗ ಹೇಳುವವಳಲ್ಲ, ನಮ್ಮಲ್ಲಿ ಹೆಂಗಸರು ಗಂಡನ ಹೆಸರು ಎತ್ತುತ್ತಿರಲಿಲ್ಲ. ತೀರಿಹೋದ ಮೇಲೂ ಇಲ್ಲ. ಆಕೆ ತಲೆ ತಗ್ಗಿಸಿದಳು. ನಾನು ಹೇಳುವಂತಿಲ್ಲ, ಹಿರಿಯ ಭಾವನ ಹೆಸರು ನನಗೂ ನಿಷಿದ್ಧ. ಶಿವವ್ವನೂ ಹೇಳುವಂತಿಲ್ಲ. ನನ್ನ ಗಂಡ ಗಿರಣಿಯಲ್ಲಿದ್ದರು, ಕರಿಬಸಪ್ಪನವರು ಹೇಳಬಹುದಿತ್ತು, ರುಮಾಲು ಬಿಚ್ಚಿ ಮತ್ತೆ ಸುತ್ತತೊಡಗಿದರು. ಆಗ ಒಳಗಿನ ಕೋಣೆಯಿಂದ ಅತ್ತೆ ಗೋಡೆ ಹಿಡಿದುಕೊಂಡು ಬಂದರು.

"ನನ್ನ ಹಿರೇ ಮಗನ ಹೇಣ್ತಿ ರೀ ಆಕಿ. ನಾಗಲಿಂಗಪ್ಪ. ಆತನ ಹೆಸರು ನಾಗಲಿಂಗಪ್ಪ."

ಈ ಮನೆಗೆ ಬಂದ ಮೇಲೆ ಅತ್ತೆಯ ಬಾಯಲ್ಲಿ ನಾನು ಆ ಹೆಸರು ಕೇಳಿದ್ದು ಅದೇ ಮೊದಲು.

ಸಾಹೇಬರು ಪಡಸಾಲೆಗೆ ಬಂದು ಕೂತು, ತೀರಿಹೋದ ವರ್ಷ ಕೇಳಿ ತಿಳಿದುಕೊಂಡು, ಸಮಾಧಾನವಾಗಿ ಹೇಳಿದರು. ಅಣ್ಣತಮ್ಮ ಇಬ್ಬರಲ್ಲ, ಮೂವರು. ಸತ್ತವನ ಪಾಲು ಸಾಯುವುದಿಲ್ಲ, ಅದು ಹೆಂಡತಿಗೆ ಬರುತ್ತದೆ. ಹಾಗೆಂದು ಕಾಯ್ದೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಆಕೆಗೆ ಕೊಡಬೇಕಾದದ್ದನ್ನು ಕೊಡದೆ ಮಾಡಿದ ಈ ಪಾಲನ್ನು ಪೂರ್ತಿಯಾದ ಪಾಲು ಎಂದು ನಾನು ಒಪ್ಪಲಾರೆ ಎಂದರು. ಭಾವನ ಮುಖ ಕೆಂಪಾಯಿತು. ಮೊದಲು ಗಳಿಕೆಯಲ್ಲಿ ಕೈ ಹಾಕಿದಿರಿ, ಈಗ ಮನೆಯೊಳಗೂ ಕೈ ಹಾಕಿದಿರಿ, ಆಕೆಗೆ ನಾವು ಏನು ಕಡಿಮೆ ಮಾಡಿದ್ದೇವೆ, ಕೇಳಿ ನೋಡಿ ಎಂದರು. ಸಾಹೇಬರು ಮಹಾದೇವಕ್ಕ ತಂದ ಮಜ್ಜಿಗೆ ಕುಡಿದು, ಎದ್ದು ಆಕೆಗೆ ಕೈಮುಗಿದು ಹೋದರು. ಆ ಮನುಷ್ಯನಿಗೆ ದೇವರು ಚಲೋದು ಮಾಡಲಿ ಎಂದು ನಾನು ಇವತ್ತಿಗೂ ಅನ್ನುತ್ತೇನೆ. ಅವರ ಹೆಸರು ಕೂಡ ನಮಗೆ ಗೊತ್ತಿಲ್ಲ.

ಭಾವ ಅದೇ ಸಿಟ್ಟಿನಲ್ಲಿ ಹುಬ್ಬಳ್ಳಿಗೆ ಹೋದರು. ಶಂಕ್ರಪ್ಪ ವಕೀಲರು ತಲೆ ಚಚ್ಚಿಕೊಂಡರಂತೆ. ಹಿರಿಯಣ್ಣ ಒಬ್ಬ ಇದ್ದ, ಅವನ ಹೆಂಡತಿ ಮನೆಯಲ್ಲೇ ಇದ್ದಾಳೆ ಎಂದು ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದರಂತೆ. ನೀವು ಅಣ್ಣತಮ್ಮ ಎಷ್ಟು ಜನ ಎಂದು ಕೇಳಿದಿರಿ, ಇದ್ದವರನ್ನು ಹೇಳಿದೆ ಎಂದು ಭಾವ ಅಂದರು. ಆಮೇಲೆ ವಕೀಲರು ಇನ್ನೊಂದು ಮಾತು ಹೇಳಿದರು. ಮೂರು ಪಾಲಾದರೆ ಮೂರು ಆಸಾಮಿ, ತೆರಿಗೆ ಎರಡು ಪಾಲಿಗಿಂತ ಇನ್ನೂ ಇಳಿಯುತ್ತದೆ. ಹಾಗೆ ಕೇಳಿದ ಮೇಲೆ ಭಾವನ ಸಿಟ್ಟು ಇಳಿಯಿತು ಎಂದು ನಾನು ಆಗ ಆಡಿಕೊಂಡು ನಗುತ್ತಿದ್ದೆ. ಅದು ಪೂರಾ ಖರೆಯಲ್ಲ. ಹುಬ್ಬಳ್ಳಿಯಿಂದ ಬಂದವರು ಅವತ್ತು ಗಿರಣಿಗೆ ಹೋಗಲಿಲ್ಲ. ಅವ್ವನ ಮುಂದೆ ಕೂತು, "ಇಬ್ಬರು ಅಂದ್ನೆವ್ವಾ. ಅಣ್ಣನ್ನ ನಾ ಲೆಕ್ಕದಾಗ ಹಿಡೀಲಿಲ್ಲ" ಎಂದು ಅತ್ತರು. ಅತ್ತೆ ಅವರ ತಲೆಯ ಮೇಲೆ ಕೈ ಇಟ್ಟು ಕೂತರು. ತೆರಿಗೆಯ ಮಾತು ಅವತ್ತು ಯಾರ ಬಾಯಲ್ಲೂ ಬರಲಿಲ್ಲ.

ಹಿರಿಯರು ಮತ್ತೆ ಕೂಡಿದರು, ತುಸು ಮುಜುಗರದಿಂದಲೇ ಕೂಡಿದರು. ಗಿರಣಿ ಮೂವರದಾಯಿತು. ತೇರಗಾಂವದ ಹಾದಿಯ ಹೊಲ ಮಹಾದೇವಕ್ಕನಿಗೆ ಬಂತು. ಹಿಂದಿನ ಪಡಸಾಲೆಯಲ್ಲಿ ಆಕೆಗೆ ನಾನೇ ಮಣ್ಣು ಕಲಸಿ ಒಲೆ ಹೂಡಿಕೊಟ್ಟೆ. ಕೆಂಡ ಒಯ್ದದ್ದೂ ನಾನೇ. ಮೊದಲ ದಿನ ಹುಗ್ಗಿ ಮಾಡಿದಳು. ಎರಡೂ ಕಡೆಯ ಮಕ್ಕಳು ತಮ್ಮತಮ್ಮ ತಾಟು ಬಿಟ್ಟು ಅಲ್ಲಿಗೇ ಓಡಿದರು, ಎರಡನೆಯ ದಿನವೂ ಓಡಿದರು. ಸ್ವಲ್ಪ ದಿನಕ್ಕೆ ಕರಿಬಸಪ್ಪನವರೂ ಏನೋ ನೆವ ತೆಗೆದು ಆ ಕಡೆ ಹೋಗತೊಡಗಿದರು. ಸಾಹೇಬರು ಇನ್ನೊಮ್ಮೆ ಬಂದು ನೋಡಿದರೆ ನಮ್ಮ ಪಾಲಿನ ಗತಿ ಏನು ಎಂದು ನನಗೆ ಹೆದರಿಕೆಯಾಗುತ್ತಿತ್ತು. ಅವರು ಮೂರು ಪಾಲಿಗೆ ಒಪ್ಪಿಗೆ ಕೊಟ್ಟು ಬೇರೆ ಊರಿಗೆ ವರ್ಗವಾಗಿ ಹೋದರು ಎಂದು ಆಮೇಲೆ ಕೇಳಿದೆವು.

ಮಹಾದೇವಕ್ಕ ಬದಲಾಗಲಿಲ್ಲ, ಆದರೆ ಒಂದಿಷ್ಟು ಸಂಗತಿ ಬದಲಾದವು. ಜಾತ್ರೆಗೆಂದು ಉಳವಿಗೆ ನಡೆದು ಹೋಗುವವರು ನಮ್ಮ ಊರಲ್ಲಿ ತಂಗುವಾಗ ಒಂದು ಹೊತ್ತಿನ ಊಟ ಹಾಕಬೇಕೆಂದು ಆಕೆಗೆ ಬಹಳ ವರ್ಷದಿಂದ ಆಸೆಯಿತ್ತಂತೆ. ಇದು ನಮಗಾರಿಗೂ ಗೊತ್ತಿರಲಿಲ್ಲ. ಅದಕ್ಕೆ ಬೇಕಾದ ಅಕ್ಕಿಯನ್ನು ಯಾರ ಹತ್ತಿರ ಕೇಳಬೇಕು ಎಂದು ಸುಮ್ಮನಿದ್ದಳಂತೆ. ಆ ವರ್ಷ ಕೇಳುವ ಕೆಲಸವೇ ಬೀಳಲಿಲ್ಲ, ಆಳನ್ನು ಕರೆದು ತನ್ನ ಅಕ್ಕಿಯ ಚೀಲ ಬಿಚ್ಚಿಸಿದಳು.

ಮರುವರ್ಷ ದಾಂಡೇಲಿಯ ವ್ಯಾಪಾರ ಇನ್ನೂ ಏರಿತು. ಮೂವರಿಗೂ ಬೇರೆಬೇರೆ ನೋಟೀಸು ಬಂದವು. ಮಹಾದೇವಕ್ಕನ ಗಳಿಕೆ ತೆರಿಗೆಯ ಗೆರೆಯನ್ನು ಒಂದಿಷ್ಟೇ ದಾಟಿತ್ತು, ನೂರು ರೂಪಾಯಿಯ ಒಳಗಿನ ತೆರಿಗೆ. ಭಾವನಿಗೆ ತಡೆಯಲಾಗಲಿಲ್ಲ. ಮತ್ತೆ ವಕೀಲರನ್ನು ಕಂಡು ಉಪಾಯ ಕೇಳಿಕೊಂಡು ಬಂದರು. ಗಿರಣಿಯಲ್ಲಿನ ಆಕೆಯ ಪಾಲಿನಲ್ಲಿ ಒಂದು ಚೂರನ್ನು ನನ್ನ ಹಿರಿಯ ಮಗನ ಹೆಸರಿಗೆ ಬರೆದರೆ ಆಕೆಯ ಗಳಿಕೆ ಗೆರೆಯ ಕೆಳಗೆ ಬರುತ್ತದೆ, ಸರಕಾರದ ಪಟ್ಟಿಯಿಂದ ಹೆಸರು ಹೋಗುತ್ತದೆ. ಹಣ ಮನೆಯಲ್ಲೇ ಉಳಿಯುತ್ತದೆ, ಅತ್ತಿಗೆಗೆ ಈ ಕಾಟವೂ ತಪ್ಪುತ್ತದೆ. ಅವರು ಪ್ರೀತಿಯಿಂದಲೇ ಹೇಳಿದರು. ನನ್ನ ಮಗನಿಗೆ ಬರುವ ಪಾಲು, ನಾನೂ ಬೇಡ ಎನ್ನಲಿಲ್ಲ.

ಮಹಾದೇವಕ್ಕ ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಿಸಿದಳು.

"ಕೊಡೂದಿದ್ರ ಆತಗ ಎಲ್ಲಾ ಕೊಡತೇನಿ, ನಾ ಹೋಗೂ ಕಾಲಕ್ಕ. ಆದ್ರ ನನ್ನ ಹೆಸರು ತಗಸಬ್ಯಾಡ ಕರಿಬಸಪ್ಪ. ಇಷ್ಟ ವರ್ಷ ಈ ಊರಾಗ ನಾ ಯಾರದರ ಹೇಣ್ತಿ, ಯಾರದರ ಸೊಸಿ, ಯಾರದರ ಮನ್ಯಾಗ ಉಣ್ಣಾಕಿ. ನಿಂದೇನೈತಿ, ನಿಂದೆಷ್ಟೈತಿ ಅಂತ ನನ್ನ ಕೇಳಿದ್ದು ಈ ಟ್ಯಾಕ್ಸಿನವರೊಬ್ಬರ. ಕೇಳಿದವರಿಗೆ ಇಲ್ಲ ಅನಬಾರದು."

ತೆರಿಗೆಯ ಬಗ್ಗೆ ಅಷ್ಟೊಂದು ವಿಚಾರ ಇಟ್ಟುಕೊಂಡಿದ್ದ ಮನುಷ್ಯನಿಗೆ ಅವತ್ತು ಒಂದೂ ನೆನಪಾಗಲಿಲ್ಲ. ನನಗಂತೂ ನಾಚಿಕೆಯೂ ಆಯಿತು, ಸಂತೋಷವೂ ಆಯಿತು.

ದುಡ್ಡು ತಾನೇ ಕಟ್ಟುತ್ತೇನೆ ಎಂದು ಆಕೆ ಹಟ ಹಿಡಿದಳು. ತಾಲೂಕಿನ ಮಾಮಲೇದಾರ ಕಚೇರಿಯ ಖಜಾನೆಗೆ ಹೆಂಗಸರು ಹೋಗುವುದನ್ನು ಯಾರೂ ನೋಡಿರಲಿಲ್ಲ. ಭಾವ ರುಮಾಲು ಸುತ್ತಿಕೊಂಡು ಮುಂದೆ ನಡೆದರು, ನಾವಿಬ್ಬರು ಸೆರಗು ಹೊದ್ದುಕೊಂಡು ಹಿಂದೆ ನಡೆದೆವು. ಖಜಾನೆಯವನು ಹಣ ತಗೊಂಡು ಚಲನಿಗೆ ಸಿಕ್ಕೆ ಹೊಡೆದುಕೊಟ್ಟ. ಆಕೆಗೆ ಓದಲು ಬರುತ್ತಿರಲಿಲ್ಲ. ತನ್ನ ಹೆಸರು ಎಲ್ಲಿದೆ ಎಂದು ನನ್ನನ್ನು ಕೇಳಿದಳು. ಕನ್ನಡದಲ್ಲಿ ಬರೆದದ್ದು ನನಗೆ ಓದಲು ಬರುತ್ತಿತ್ತು, ತೋರಿಸಿದೆ. ಬಿಸಿಲಿನಲ್ಲಿ ನಿಂತು ಬಹಳ ಹೊತ್ತು ನೋಡಿದಳು.

ವಾಪಸು ಬರುವಾಗ ಪೇಟೆಯಲ್ಲಿ ಮಕ್ಕಳಿಗೆ ಬೆಂಡು ಬತ್ತಾಸು ಕೊಂಡಳು. ಆಮೇಲೆ ಮುಂದೆ ಹೋಗುತ್ತಿದ್ದ ಭಾವನನ್ನು ಕರೆದು, "ಬರೂ ವರ್ಷ ಇನ್ನಷ್ಟು ಹೆಚ್ಚ ಹಾಕತಾರೇನಪ್ಪ ಇವರು? ಹಾಕಿದ್ರ ಹಾಕಲಿ, ಕಟ್ಟೂಣು" ಎಂದಳು.

ಭಾವ ನಡುರಸ್ತೆಯಲ್ಲೇ ನಿಂತುಬಿಟ್ಟರು. ತಿರುಗಿ ಬಂದು, ಆಕೆಯ ಕೈಯಲ್ಲಿದ್ದ ಬತ್ತಾಸಿನ ಪೊಟ್ಟಣ ತಾವು ಇಸಿದುಕೊಂಡು, ನಮ್ಮ ಜೊತೆಜೊತೆಗೇ ಮನೆಯ ತನಕ ನಡೆದು ಬಂದರು.